ಸಂತೆಯ ಫೋಟೋ ಗೋಡೆಗೇರುವಾಗ

ದಿನನಿತ್ಯದ ಬದುಕಿನ ಫೋಟೋ ಪ್ರದರ್ಶನ ಸೊರಗುವುದು ಹೆಚ್ಚಾಗಿ ಕ್ಯಾಮೆರಾದಿಂದಲ್ಲ, ಚಿತ್ರದ ಕೆಳಗಿನ ಎರಡು ಸಾಲಿನಿಂದ. ‘ಹೂ ಮಾರುವ ಮಹಿಳೆ’ ಎಂದು ಬರೆದರೆ ಕಣ್ಣಿಗೆ ಕಂಡದ್ದನ್ನೇ ಮತ್ತೆ ಹೇಳಿದಂತಾಯಿತು. ಆ ಚಿತ್ರದಲ್ಲಿ ಹೂವಿನ ದಂಡೆ ಆಕೆಯ ಬೆರಳ ತುದಿಯಿಂದ ಮೊಣಕೈವರೆಗೆ ಬಿಗಿಯಾಗಿ ಎಳೆದುಕೊಂಡಿದೆ, ಉಳಿದದ್ದು ಒದ್ದೆ ಗೋಣಿಯ ಮೇಲೆ ಸುತ್ತಿಕೊಂಡಿದೆ. ‘ಮಲ್ಲಿಗೆ ಮೊಳ ಹಾಕುತ್ತಿರುವುದು. ದೇವರಾಜ ಮಾರುಕಟ್ಟೆ, ಮೈಸೂರು. ಸಂಕ್ರಾಂತಿಯ ಹಿಂದಿನ ದಿನ, ಜನವರಿ 2024’ ಎಂದು ಬರೆದರೆ ನೋಡುವವರು ಮತ್ತೆ ಆ ಕೈಯತ್ತ ತಿರುಗುತ್ತಾರೆ.

1955ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಎಡ್ವರ್ಡ್ ಸ್ಟೈಕನ್ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನಕ್ಕೆ 503 ಫೋಟೋ ಜೋಡಿಸಿದರು. ಅಲ್ಲಿ ಹೆಚ್ಚಿನವುಗಳ ಪಕ್ಕ ದೇಶ ಮತ್ತು ಫೋಟೋಗ್ರಾಫರ್ ಹೆಸರಷ್ಟೇ ಇತ್ತು. ಅಷ್ಟು ದೊಡ್ಡ ಪ್ರದರ್ಶನಕ್ಕೂ ಅದು ಕೊರತೆಯೇ ಎಂಬುದು ನನ್ನ ಅಭಿಪ್ರಾಯ. ಊರು, ತಿಂಗಳು, ಕೆಲಸ ಗೊತ್ತಿಲ್ಲದಿದ್ದರೆ ಬೆವರೆಲ್ಲ ಒಂದೇ ಥರ ಕಾಣುತ್ತದೆ.

ಆಯ್ಕೆ ಮಾಡುವಾಗ ಒಂದೇ ವಿಷಯ ಹಿಡಿಯಿರಿ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನು 1979ರಲ್ಲಿ ಯುನಿಸೆಫ್ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿದಾಗ ವಿಷಯ ಮಕ್ಕಳು, ಅಷ್ಟೇ.

ಇನ್ನು ಪ್ರಿಂಟ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೈಲ್ 6000 x 4000 ಪಿಕ್ಸೆಲ್ ಇರುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 12 x 18 ಇಂಚಿಗೆ 3600 x 5400 ಸಾಕು. ಅದೇ ಚಿತ್ರವನ್ನು 16 x 20ಕ್ಕೆ ತುಂಬಿಸಿದರೆ ಉದ್ದದಲ್ಲಿ ಆರರಲ್ಲೊಂದು ಪಾಲು ಕತ್ತರಿಸಿಹೋಗುತ್ತದೆ. ಸಂತೆಯ ಚಿತ್ರದಲ್ಲಿ ಅಂಚಿನಲ್ಲೇ ತಕ್ಕಡಿ ಇರುತ್ತದೆ, ಕಾಯುತ್ತಾ ನಿಂತ ಮಗು ಇರುತ್ತದೆ. ಅದನ್ನು ಕಳೆದುಕೊಳ್ಳಬೇಡಿ. ಲ್ಯಾಪ್‌ಟಾಪ್ ಬೆಳಕನ್ನು ಪೂರ್ತಿ ಏರಿಸಿಟ್ಟು ತಿದ್ದಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ನೆರಳಲ್ಲಿರುವ ಮುಖಗಳು ಮೊದಲು ಮುಳುಗುತ್ತವೆ. ಬೆಳಕನ್ನು ಅರ್ಧಕ್ಕಿಳಿಸಿ ತಿದ್ದಿ, ಮುಖವಿರುವ 4 ಇಂಚಿನ ಪಟ್ಟಿಯೊಂದನ್ನು ಮೊದಲು ಪ್ರಿಂಟ್ ಹಾಕಿಸಿ, ಪ್ರದರ್ಶನ ನಡೆಯುವ ಹಾಲ್‌ನ ಬೆಳಕಿನಲ್ಲೇ ನೋಡಿ.

ಮೌಂಟ್ ಬೋರ್ಡಿಗೆ, ಅಂದರೆ ಚಿತ್ರದ ಹಿಂದಿನ ದಪ್ಪ ರಟ್ಟಿಗೆ, ಪ್ರಿಂಟನ್ನು ನಾಲ್ಕೂ ಕಡೆ ಅಂಟಿಸಬಾರದು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ನಡುವೆ ಅಲೆಯೇಳುತ್ತದೆ. ಮೇಲಂಚಿಗೆ ಮಾತ್ರ ಎರಡು ಕಡೆ ಟೇಪ್ ಹಾಕಿ ಇಳಿಬಿಡಿ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಪೂರ್ತಿ ಅಂಟಿಸಿದ್ದು ಅಗ್ಗ, ಆದರೆ ಗುಳ್ಳೆ ಬಂದರೆ ಸರಿಪಡಿಸಲಾಗದು.

ಸುತ್ತ 3 ಇಂಚು ಮೌಂಟ್ ಬಿಟ್ಟರೆ 12 x 18ರ ಅಡ್ಡ ಚಿತ್ರದ ಫ್ರೇಮ್ 24 ಇಂಚು ಅಗಲ, 18 ಎತ್ತರ. ನಡುವೆ 8 ಇಂಚು ಬಿಟ್ಟು 40 ಅಡಿ ಗೋಡೆಗೆ 14 ಹಿಡಿಸುತ್ತವೆ, ಎರಡೂ ಕೊನೆಗೆ 20 ಇಂಚು ಉಳಿಯುತ್ತದೆ. ನಾನಾದರೆ 11 ಹಾಕಿ ನಿಲ್ಲಿಸುತ್ತೇನೆ, ಜನ ಒಬ್ಬರ ಹೆಗಲಿಗೊಬ್ಬರು ತಾಗದೆ ನಿಂತು ಓದಬೇಕಲ್ಲ. ಚಿತ್ರದ ನಡುಭಾಗ ನೆಲದಿಂದ 58 ಇಂಚಿಗಿರಲಿ. ಫ್ರೇಮಿನ ಹಿಂದಿನ ತಂತಿ ಎಳೆದಾಗ ಮೇಲಂಚಿಗಿಂತ 2 ಇಂಚು ಕೆಳಗೆ ಬಂದರೆ ಮೊಳೆಯ ಎತ್ತರ 58 + 9 (ಫ್ರೇಮ್ ಎತ್ತರದ ಅರ್ಧ) − 2, ಅಂದರೆ 65. ಹಳೆಯ ಕಟ್ಟಡದ ನೆಲ ಸಮನಾಗಿರುವುದಿಲ್ಲ. ಪ್ರತಿ ಮೊಳೆಗೂ ನೆಲದಿಂದ ಅಳೆದರೆ ಸಾಲೇ ವಾಲುತ್ತದೆ. ಮೇಸ್ತ್ರಿಗಳ ನೀರು ತುಂಬಿದ ಲೆವೆಲ್ ಪೈಪಿನಿಂದ ಎರಡು ತುದಿ ಗುರುತಿಸಿ ದಾರ ಕಟ್ಟಿ. ಗಾಜಿನಲ್ಲಿ ಎದುರಿನ ಟ್ಯೂಬ್‌ಲೈಟ್ ಕಂಡರೆ ಗಾಜು ತೆಗೆದೇ ಬಿಡಿ.

ಅಡಿಬರಹ 20 ಪಾಯಿಂಟ್‌ಗಿಂತ ಚಿಕ್ಕದಾಗಬಾರದು. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೋ ಗುಡಿಸಿಗೋ ತಾಗುತ್ತದೆ. ಹಳೆಯ ನುಡಿ ಫಾಂಟಿನ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಪಿಡಿಎಫ್ ಮಾಡಿಯೇ ಅಂಗಡಿಗೆ ಕೊಡಿ.

ಆದರೆ ಅದಕ್ಕೂ ಮುಂಚೆ, ಚಿತ್ರದಲ್ಲಿರುವವರಿಗೆ 5 x 7 ಪ್ರಿಂಟ್ ಒಂದನ್ನು ಕೊಟ್ಟು, ಗೋಡೆಗೆ ಹಾಕಲು ಒಪ್ಪಿಗೆ ಕೇಳಿ, ಅಡಿಬರಹ ಓದಿ ಹೇಳಿ. ‘ಜನವರಿ ಚಳೀಲಿ ಇಷ್ಟೊಂದು ಮಲ್ಲಿಗೆ ಎಲ್ಲಿಂದ ಬರಬೇಕು, ಇದು ಕಾಕಡ’ ಎಂದು ಹೂವಿನಮ್ಮನೇ ತಿದ್ದುತ್ತಾರೆ.