ಮಳೆ ಲೆಕ್ಕದ ವೆಬ್‌ಸೈಟು: ಬಿಚ್ಚಿ ಮತ್ತೆ ಜೋಡಿಸಿದ ವಾರ

ನಮ್ಮ ತೋಟದ ಮಳೆ ಲೆಕ್ಕ ಇಡುವ ಸೈಟನ್ನು ಈ ವಾರ ಪೂರ್ತಿ ಬಿಚ್ಚಿ ಜೋಡಿಸಿದೆ. ವಿರಾಜಪೇಟೆ ಕಡೆಯ ಮಳೆಗಾಲ, ಕರೆಂಟ್ ಇದ್ದಾಗ ಮಾತ್ರ ಕೆಲಸ. ಹಾಗಾಗಿ ನಿಧಾನ.

ಶುರುವಾಗಿದ್ದು ದೊಡ್ಡಪ್ಪನಿಂದ. ಲೆಕ್ಕವನ್ನು ಎಕ್ಸೆಲ್‌ನಲ್ಲಿ ನೋಡಬೇಕು ಅಂದರು. ಸುಮ್ನೆ ಒಂದು ಸಿಎಸ್‌ವಿ ಫೈಲ್ (ನಡುನಡುವೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿ) ಕೊಟ್ಟರಾಯ್ತು ಅಂದುಕೊಂಡು ಕೊಟ್ಟೆ. ಸಂಜೆ ಫೋನ್ ಬಂತು: "ಏನೋ ಇದು, ಮಳೆ ಹಿಂದೆ ಮುಂದೆ ಸ್ಪ್ಯಾನ್ ಸ್ಪ್ಯಾನ್ ಅಂತ ಇದೆಯಲ್ಲಾ?" ತಪ್ಪು ನನ್ನದೇ. ಡೇಟಾಬೇಸ್‌ನಿಂದ ಮಳೆ ತೆಗೆಯುವ ಫಂಕ್ಷನ್ನೇ (ಕೋಡಿನ ತುಣುಕು) ಅದಕ್ಕೆ ವೆಬ್ ಪುಟಕ್ಕೆ ಬೇಕಾಗುವ "ಸ್ಪ್ಯಾನ್" ಅನ್ನುವ ಎಚ್‌ಟಿಎಂಎಲ್ ಟ್ಯಾಗ್ ಸುತ್ತಿ ಕಳಿಸುತ್ತಿತ್ತು.

ಈಗ ಆ ಫಂಕ್ಷನ್ ತಾರೀಕು, ಮಳೆ, ಷರಾ ಮೂರನ್ನು ಇದ್ದ ಹಾಗೇ ಕೊಟ್ಟು ಸುಮ್ಮನಾಗುತ್ತದೆ. ಪುಟಕ್ಕೆ ಎಚ್‌ಟಿಎಂಎಲ್, ಎಕ್ಸೆಲ್‌ಗೆ ಸಿಎಸ್‌ವಿ, ಬೇರೆ ಪ್ರೋಗ್ರಾಂಗಳು ಓದಲು ಜೇಸನ್, ಸೈಟಿನಲ್ಲಿ ಹೊಸದು ಬಂದಾಗ ತಿಳಿಸುವ ಆರ್‌ಎಸ್‌ಎಸ್ ಫೀಡ್, ಒಂದೊಂದಕ್ಕೂ ಬೇರೆ ಸಣ್ಣ ಫೈಲ್. ಅಲಂಕಾರ ಏನಿದ್ದರೂ ಅಲ್ಲೇ.

ಜಾಸ್ತಿ ತಲೆ ತಿಂದಿದ್ದು ಅಳತೆ. ಕಾಫಿ ತೋಟದವರ ಬಾಯಲ್ಲಿ ಮಳೆ ಅಂದರೆ ಇಂಚು, ಸೆಂಟು. 100 ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯದು ಮಿಲಿಮೀಟರ್. ಮೊದಲು "2 ಇಂಚು 35 ಸೆಂಟು" ಅಂತ ಅಕ್ಷರದಲ್ಲೇ ಇಟ್ಟಿದ್ದೆ. ತಿಂಗಳ ಮಳೆ ಕೂಡಿಸುವಾಗ ಅದನ್ನು ಮತ್ತೆ ಒಡೆಯಬೇಕು, ಎಂಥ ದಡ್ಡತನ! ಈಗ ಒಳಗೆ ಬರೀ 235. ಪುಟದಲ್ಲಿ ಅದೇ 2 ಇಂಚು 35 ಸೆಂಟು, ಜೇಸನ್‌ನಲ್ಲಿ 59.69 ಮಿಮೀ.

ಇನ್ನೊಂದು ಹುಳುಕು ಆಗ ಕಂಡಿತು. ಮಳೆ ಬಾರದ ದಿನ, ಅಳೆಯದ ದಿನ ಎರಡಕ್ಕೂ ಒಂದೇ ಅಡ್ಡಗೆರೆ ಹಾಕಿದ್ದೆ. ನಾವು ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದ ದಿನಗಳೂ ಒಣ ದಿನ ಆಗಿಬಿಟ್ಟಿದ್ದವು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು ಅಂತ ಹುಡುಕುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಈಗ ಸೊನ್ನೆ ಅಂದರೆ ಸೊನ್ನೆ. ಅಳೆಯದ ದಿನ ಸಿಎಸ್‌ವಿಯಲ್ಲಿ ಖಾಲಿ, ಜೇಸನ್‌ನಲ್ಲಿ ನಲ್ (ಲೆಕ್ಕ ಇಲ್ಲ ಅನ್ನುವ ಗುರುತು).

ಎಕ್ಸೆಲ್ ಕನ್ನಡದ ಷರಾಗಳನ್ನು ಗೋಜಲು ಮಾಡಿತ್ತು. ಫೈಲ್ ಕನ್ನಡಕ್ಕೂ ಒಗ್ಗುವ ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲೇ ಇತ್ತು. ಶುರುವಿನಲ್ಲಿ ಅದನ್ನು ಎಕ್ಸೆಲ್‌ಗೆ ತಿಳಿಸುವ ಬಿಒಎಂ ಅನ್ನುವ ಮೂರು ಬೈಟ್ ಸೇರಿಸಿದ ಮೇಲೆ ಸರಿಯಾಯಿತು. ಅದನ್ನು ಸಿಎಸ್‌ವಿ ಬರೆಯುವ ಕಡೆ ಮಾತ್ರ ಇಟ್ಟಿದ್ದೇನೆ. ಜೇಸನ್‌ಗೆ ಸೇರಿದರೆ ಕೆಲವು ಪ್ರೋಗ್ರಾಂಗಳು ಓದುವಾಗಲೇ ಮುಗ್ಗರಿಸುತ್ತವೆ.

ಆರ್‌ಎಸ್‌ಎಸ್ ಇನ್ನೂ ಅರ್ಧ. ಅದಕ್ಕೆ ತಿಂಗಳ ಹೆಸರು ಇಂಗ್ಲಿಷಿನ ಮೂರಕ್ಷರದಲ್ಲೇ ಬೇಕು, ನನ್ನ ಕೋಡು "ಜುಲೈ" ಅಂತ ಕನ್ನಡದಲ್ಲಿ ಕೊಡುತ್ತಿದೆ. ಅಷ್ಟರಲ್ಲಿ ದೊಡ್ಡಪ್ಪನಿಗೆ ಎಕ್ಸೆಲ್ ಸಾಕಾಗಿದೆ. ಗೋಡೆಗೆ ಅಂಟಿಸಲು ಒಂದು ಪ್ರಿಂಟ್ ಕೊಡು ಅಂತಿದ್ದಾರೆ. ಐದನೇ ಫೈಲ್ ತೆರೆದಿದ್ದೇನೆ.