ಎರೆ ಹೊಲದಲ್ಲಿ ಮೊದಲು ನೀರು, ಗೊಬ್ಬರದ ಮಾತು ಆಮೇಲೆ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಜಲಾನಯನದ ಕೆಲಸಕ್ಕೆ ಓಡಾಡುವವನು ನಾನು. ತರಬೇತಿಗಳಲ್ಲಿ ಸಂರಕ್ಷಣಾ ಕೃಷಿಗೆ ಮೂರು ಸೂತ್ರ ಹೇಳಿಕೊಡುತ್ತಾರೆ: ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು, ಬೆಳೆಯ ಉಳಿಕೆ ಹೊಲದಲ್ಲೇ ಹೊದಿಕೆಯಾಗಿರಬೇಕು, ಬೆಳೆ ಬದಲಾಗುತ್ತಿರಬೇಕು. ಮೂರನೆಯದಕ್ಕೆ ಇಲ್ಲಿ ಯಾರ ತಕರಾರೂ ಇಲ್ಲ. ಜೋಳದ ಹೊಲಕ್ಕೆ ಮರುವರ್ಷ ಕಡಲೆ ಬಿತ್ತುವುದು ಹಳೇ ರೂಢಿ. ಮೊದಲ ಎರಡನ್ನು ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ನಿಂತು ಹಾಗೇ ಒಪ್ಪಿಸಿದರೆ ರೈತರು ನಗುತ್ತಾರೆ. ನಗುವುದು ಸರಿಯೇ.

"ಸರ, ಕಣಿಕಿ ಹೊಲದಾಗ ಬಿಟ್ರ ಎತ್ತಿಗೆ ಏನ್ ಹಾಕೂಣು?" ಕಣಿಕೆ ಎಂದರೆ ಜೋಳದ ಒಣ ದಂಟು, ದನದ ಮೇವು. ಈ ಪ್ರಶ್ನೆಗೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ. ಹಿಂಗಾರಿ ಬಿಳಿಜೋಳ ಬಿತ್ತುವುದು ಕಾಳಿಗೆ ಎಷ್ಟೋ ಕಣಿಕೆಗೂ ಅಷ್ಟೇ. ಇಷ್ಟು ಹೊಸ ತಳಿ ಬಂದರೂ ಹಳೆಯ ಮಾಲದಂಡಿ, ಅಂದರೆ ಎಂ 35-1, ಇನ್ನೂ ಉಳಿದಿರುವುದಕ್ಕೆ ಅದರ ಕಣಿಕೆಯೂ ಒಂದು ಕಾರಣ. ಹಾಗಾಗಿ ನಾನು ಹೊದಿಕೆಗೆ ಕಣಿಕೆ ಕೇಳುವುದಿಲ್ಲ. ಅದು ದನದ ಹೊಟ್ಟೆ ಹೊಕ್ಕು ತಿಪ್ಪೆಗೊಬ್ಬರವಾಗಿ ಅದೇ ಹೊಲಕ್ಕೆ ಮರಳುತ್ತದೆಯೇ ಎಂದಷ್ಟೇ ನೋಡುತ್ತೇನೆ. ಬದುವಿನ ಮೇಲೆ ಗ್ಲಿರಿಸಿಡಿಯಾ ಎಂಬ ಹಸಿರೆಲೆ ಗೊಬ್ಬರದ ಗಿಡ ಹಚ್ಚಿಸುತ್ತೇನೆ. ದನ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಸೊಪ್ಪು ಕಡಿದು ಮಣ್ಣಿಗೆ ಸೇರಿಸಿದರೆ ಬೇಗ ಕೊಳೆಯುತ್ತದೆ.

ಕೆದಕಬಾರದು ಎಂಬ ಸೂತ್ರದ ಕಥೆಯೂ ಇಷ್ಟೇ. ಎರೆ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆ ಬಿರುಕಿನೊಳಗಿಂದ ಆಳದ ಹಸಿಯೂ ಆರಿಹೋಗುತ್ತದೆ. ಜೋಳ ಎದ್ದ ಮೇಲೆ ಮಳೆಯ ಭರವಸೆ ಇಲ್ಲ, ನೆಲದೊಳಗಿನ ಹಸಿಯೇ ಗತಿ. ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದಾಗ ಮೇಲಿನ ಸಡಿಲ ಮಣ್ಣೇ ಹೊದಿಕೆಯಾಗುತ್ತದೆ. ಇಲ್ಲಿ ಕೆದಕುವುದೇ ಸಂರಕ್ಷಣೆ.

ನಾನು ಹಟ ಹಿಡಿಯುವುದು ಒಂದೇ ಕೆಲಸಕ್ಕೆ: ಚೌಕು ಮಡಿ, ಅಂದರೆ ಸಣ್ಣ ಬದು ಹಾಕಿ ಹೊಲವನ್ನು ಚೌಕಚೌಕವಾಗಿ ಕಟ್ಟುವುದು. ಒಂದು ಎಕರೆಯಲ್ಲಿ 40 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1.6 ಲಕ್ಷ ಲೀಟರ್ ನೀರು. ಎರೆ ನೆಲ ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನ ಕುಡಿಯುತ್ತದೆ, ಉಳಿದದ್ದು ಮೇಲ್ಮಣ್ಣು ಹೊತ್ತು ಹಳ್ಳ ಸೇರುತ್ತದೆ. ಮೂರರಿಂದ ನಾಲ್ಕೂವರೆ ಮೀಟರ್ ಅಳತೆಯ ಮಡಿ, ಗೇಣೆತ್ತರದ ಸಣ್ಣ ಬದು, ಇಷ್ಟಿದ್ದರೆ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ ಎನ್ನುವ ಸಲಹೆಗಿಂತ ಇದು ಮೇಲು ಎನ್ನಲು ಕಾರಣ ಅಣ್ಣತಮ್ಮಂದಿರ ಪಾಲು. ಹೊಲವನ್ನು ಇಳಿಜಾರಿನ ಉದ್ದಕ್ಕೇ ಪಟ್ಟಿಪಟ್ಟಿಯಾಗಿ ಹಂಚಿಕೊಂಡವನು ಅಡ್ಡ ಬಿತ್ತಬೇಕೆಂದರೆ ಹೆಜ್ಜೆಹೆಜ್ಜೆಗೂ ಎತ್ತು ತಿರುಗಿಸಬೇಕು. ಚೌಕು ಮಡಿಗೆ ಆ ತೊಂದರೆ ಇಲ್ಲ.

ಬೇರೆ ತೊಂದರೆ ಇದೆ. "ಹರಗಿದ್ರ ಮಡಿ ಒಡೀತಾವ, ಹರಗಲಿಲ್ಲಂದ್ರ ಕಸ" ಎನ್ನುತ್ತಾರೆ, ನಿಜವೇ. ಮೊದಲ ಮಳೆಗೆ ಎದ್ದ ಕಸವನ್ನು ಹರಗಿ, ಅಂದರೆ ಕುಂಟೆ ಹೊಡೆದು ತೆಗೆದು, ಆಮೇಲೆ ಮಡಿ ಕಟ್ಟುವುದು ನಾವು ಕಂಡುಕೊಂಡ ರಾಜಿ. ಸೆಪ್ಟೆಂಬರಿನ ದೊಡ್ಡ ಮಳೆಗೆ ಮಡಿ ಸಿದ್ಧವಾಗಿದ್ದರೆ ಸಾಕು. ಯೋಜನೆಯ ದುಡ್ಡು ಮಾತ್ರ ಆ ಮಳೆ ಮುಗಿದ ಮೇಲೆ ಬರುವುದುಂಟು, ಅದನ್ನು ಕಾಯುತ್ತ ಕೂರಬೇಡಿ.

ಗೊಬ್ಬರ ಇದಾದ ಮೇಲೆ. ಹಿಂಗಾರಿಯಲ್ಲಿ ಒಣಗಿದ ಮೇಲ್ಮಣ್ಣಿಗೆ ಎರಚಿದ ಯೂರಿಯಾ ಬೇರಿಗೆ ಮುಟ್ಟುವುದಿಲ್ಲ. ಬಿತ್ತುವಾಗಲೇ ಕೂರಿಗೆಯಲ್ಲಿ ಬೀಜಕ್ಕಿಂತ ಕೆಳಗೆ, ಹಸಿ ಇರುವಲ್ಲಿ ಬೀಳಬೇಕು. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಬಹಳಷ್ಟು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ತೋರಿಸಿದವು. ನಿಮ್ಮ ಹೊಲದ ಮಣ್ಣು ಪರೀಕ್ಷೆಯ ಕಾರ್ಡಿನಲ್ಲೂ ಸತು ಕಡಿಮೆ ಎಂದಿದ್ದರೆ ಜಿಂಕ್ ಸಲ್ಫೇಟನ್ನು ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಬೆರೆಸಬೇಡಿ, ಸತು ಆ ರಂಜಕಕ್ಕೆ ಅಂಟಿಕೊಂಡು ಬೆಳೆಗೆ ಸಿಗುವುದಿಲ್ಲ. ತಿಪ್ಪೆಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಹಾಕಿ.