ಲೀಡ್ಸ್‌ನಲ್ಲಿ ಎಳ್ಳು ಬೀರಿದ ವಾರ

2025ರ ಸಂಕ್ರಾಂತಿ ಮಂಗಳವಾರ ಬಂದಿತ್ತು. ಹಿಂದಿನ ರಾತ್ರಿ ನಾನು ಲೀಡ್ಸ್‌ನ ಬಾಡಿಗೆ ಮನೆಯಲ್ಲಿ ರಾಜೀನಾಮೆ ಪತ್ರ ಬರೆಯಲು ಕೂತಿದ್ದೆ.

ಇಂಗ್ಲೆಂಡಿನ ಪ್ರೌಢಶಾಲೆಯೊಂದಕ್ಕೆ ಭೌತವಿಜ್ಞಾನ ಕಲಿಸಲು ಬಂದು ಆಗ ನಾಲ್ಕೂವರೆ ತಿಂಗಳು. ಮಂಡ್ಯದಲ್ಲಿ ಒಂಬತ್ತು ವರ್ಷ ಪಾಠ ಹೇಳಿದವಳು ನಾನು, ತರಗತಿಗೆ ಹೆದರಿದವಳಲ್ಲ. ಆ ಸೋಮವಾರ ಒಂಬತ್ತನೇ ತರಗತಿಗೆ ವಿದ್ಯುನ್ಮಂಡಲದ ಪಾಠವಿತ್ತು. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮ ನಾಲಿಗೆಯಲ್ಲಿರುವುದು ಒಂದೇ ‘ವ’. ವೋಲ್ಟ್, ವ್ಯಾಟ್ ಎರಡನ್ನೂ ನಾನು ಅದರಿಂದಲೇ ಶುರು ಮಾಡುತ್ತೇನೆ. ಹಿಂದಿನ ಸಾಲಿನ ಹುಡುಗನೊಬ್ಬ ನನ್ನ ದನಿಯಲ್ಲೇ ‘ವೋಲ್ಟ್’ ಎಂದ. ಪಕ್ಕದವನು ಎಂದ. ಆಮೇಲೆ ಇಡೀ ಸಾಲು ಎಂದಿತು. ಪಾಠ ವೀಕ್ಷಣೆಗೆ ಬಂದಿದ್ದ ಮೇಲಿನವರು ಬಾಗಿಲ ಬಳಿ ಕೂತು ಎಲ್ಲವನ್ನೂ ಬರೆದುಕೊಂಡರು. ತರಗತಿಯ ಮೇಲೆ ಹಿಡಿತ ಸಾಲದು ಎಂಬ ಟಿಪ್ಪಣಿ ಸಂಜೆಯೇ ಕೈಗೆ ಬಂತು.

ಪತ್ರ ಎರಡು ಸಾಲು ದಾಟಲಿಲ್ಲ. ಬೆಲ್ಲ ಹೆಚ್ಚುವುದು ಬಾಕಿಯಿತ್ತು.

ಪೊಟ್ಟಣದಲ್ಲಿ ಸಿಗುವ ಎಳ್ಳುಬೆಲ್ಲ ನನಗೆ ಒಗ್ಗುವುದಿಲ್ಲ. ಅಮ್ಮ ಹದಿನೈದು ದಿನ ಮೊದಲೇ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಒಂದೇ ಅಳತೆಯ ಚೂರು ಮಾಡಿ, ಮೊರದಲ್ಲಿ ಹರಡಿ ಬಿಸಿಲಿಗೆ ಇಡುತ್ತಿದ್ದರು. ಇಲ್ಲಿ ಬಿಸಿಲೆಲ್ಲಿಯದು? ಕೊಬ್ಬರಿ ಚೂರುಗಳನ್ನು ರೇಡಿಯೇಟರ್ ಮೇಲೆ ತಟ್ಟೆಯಲ್ಲಿಟ್ಟು ಒಣಗಿಸಿದ್ದೆ. ಬೆಲ್ಲ ಮಾತ್ರ ಚಾಕುವಿಗೆ ಅಂಟಿಕೊಂಡು ಒಂದೂ ನೆಟ್ಟಗೆ ಬರಲಿಲ್ಲ. ಎಳ್ಳು ಹುರಿಯುವಾಗ ಮೊದಲ ಕಾಳು ಚಟ್ಟೆಂದು ಸಿಡಿದು ಕೈಗೆ ತಾಗಿತು. ಆ ವಾಸನೆಗೆ ದಿನವಿಡೀ ಕಟ್ಟಿಕೊಂಡಿದ್ದ ಅಳು ಬಂತು, ಅತ್ತುಬಿಟ್ಟೆ. ಸೌಟು ಮಾತ್ರ ಆಡಿಸುತ್ತಲೇ ಇದ್ದೆ, ಎಳ್ಳು ಸೀದರೆ ಕಹಿಯಾಗುತ್ತದೆ.

ಬೆಳಿಗ್ಗೆ ಐದೂವರೆಗೆ ಸ್ನಾನ ಮುಗಿಸಿ ದೀಪ ಹಚ್ಚಿದೆ. ಹುಗ್ಗಿಗೆ ಗುಜರಾತಿ ಅಂಗಡಿಯ ಫ್ರೀಜರ್‌ನಿಂದ ತಂದ ಅವರೆಕಾಳು. ಅಲ್ಲಿ ಅದರ ಹೆಸರು ಸುರತಿ ಪಾಪ್ಡಿ ಲಿಲ್ವಾ; ಕಾಳು ನಮ್ಮದೇ, ಸೊಗಡು ಮಾತ್ರ ಇಲ್ಲ. ಲೀಡ್ಸ್‌ನಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಎಂಟೂಕಾಲಕ್ಕೆ. ಕಿಟಕಿಯಾಚೆ ಬೀದಿದೀಪದ ಹಳದಿ ಬೆಳಕು, ಅದರ ಹಿಂದೆ ಕತ್ತಲು. ಆ ಕತ್ತಲಿಗೆ ಮುಖ ಮಾಡಿ ಬಟ್ಟಲಿಗೆ ಅರ್ಘ್ಯ ಬಿಟ್ಟೆ. ಆಗಲೇ ಅಮ್ಮನ ವಿಡಿಯೊ ಕರೆ ಬಂತು. ಅಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ, ಅಂಗಳದ ರಂಗೋಲಿ ಕಣ್ಣು ಕುಕ್ಕುವ ಬಿಸಿಲಲ್ಲಿತ್ತು. ನಾನು ಕಾಣದೆ ಕೈಮುಗಿದ ಸೂರ್ಯ ಅಮ್ಮನ ತಲೆಯ ಮೇಲಿದ್ದ. ಶಾಲೆಯ ವಿಷಯ ಹೇಳಲಿಲ್ಲ. ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. “ಯಾರಿಗಾದರೂ ಎಳ್ಳು ಬೀರು ಮಗಳೇ. ಬೀರದೆ ಹಬ್ಬವಾಗುವುದಿಲ್ಲ” ಎಂದರು.

ಯಾರಿಗೆ ಬೀರಲಿ? ನಮ್ಮ ಶಾಲೆಯೊಳಗೆ ಕಡಲೆಕಾಯಿ ತರುವಂತಿಲ್ಲ. ಆಹಾರದ ಪೊಟ್ಟಣದ ಮೇಲೆ ಕಡ್ಡಾಯವಾಗಿ ತಿಳಿಸಬೇಕೆಂದು ಬ್ರಿಟನ್ ಗುರುತಿಸಿರುವ 14 ಅಲರ್ಜಿಕಾರಕಗಳಲ್ಲಿ ಎಳ್ಳೂ ಒಂದು. ಮಕ್ಕಳ ಜೀವದ ಪ್ರಶ್ನೆ, ನಿಯಮ ಸರಿಯಾದದ್ದೇ. ಹಾಗಾಗಿ ಮರುದಿನ ಸಂಜೆ ನನ್ನ ಎಳ್ಳುಬೆಲ್ಲದ ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಬರಲು ಗೆಳತಿಯೊಬ್ಬಳನ್ನು ಶಾಲೆಯ ಹೊರಗಿನ ಬಸ್ ನಿಲ್ದಾಣಕ್ಕೆ ಕರೆದೆ. ನಮ್ಮ ಪ್ರಯೋಗಾಲಯದ ಸಹಾಯಕಿಗೂ ನನಗೂ ಬಸ್ ಒಂದೇ. ಅರವತ್ತರ ಆಸುಪಾಸಿನ ಹೆಂಗಸು. ಅಲರ್ಜಿ ಏನೂ ಇಲ್ಲವೆಂದು ಕೇಳಿಕೊಂಡು ಅವರ ಅಂಗೈಗೆ ಒಂದು ಹಿಡಿ ಹಾಕಿದೆ. ಅವರು ಬೆಲ್ಲದ ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡರು. ಆಮೇಲೆ ಆಕಾಶ ನೋಡುತ್ತ ಹೇಳಿದರು: “ನೋಡು, ಬೆಳಕು ವಾಪಸು ಬರುತ್ತಿದೆ. ಕ್ರಿಸ್‌ಮಸ್‌ಗೆ ಮುಂಚೆ ಇದೇ ಬಸ್ಸಿಗೆ ಕತ್ತಲಲ್ಲಿ ನಿಲ್ಲುತ್ತಿದ್ದೆವು.”

ಗಂಟೆ ನಾಲ್ಕೂಕಾಲು ದಾಟಿತ್ತು. ಚಿಮಣಿಗಳ ಹಿಂದೆ ಕಿತ್ತಳೆ ಬಣ್ಣದ ಒಂದು ಗೆರೆ ಉಳಿದಿತ್ತು.

ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ರ ಸುಮಾರಿಗೆ. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತ 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಸರಿಯುವುದರಿಂದ, ಸುಮಾರು 1,700 ವರ್ಷಗಳ ಹಿಂದೆ ಒಟ್ಟಿಗಿದ್ದ ಉತ್ತರಾಯಣ ಮತ್ತು ಮಕರ ಸಂಕ್ರಮಣದ ನಡುವೆ ಈಗ ಮೂರು ವಾರಕ್ಕೂ ಹೆಚ್ಚು ಅಂತರವಿದೆ. ಮಂಡ್ಯದಲ್ಲಿ ಇದನ್ನು ಕಲಿಸುವಾಗ ಪಂಚಾಂಗದ ಒಂದು ತೊಡಕು ಎಂಬಂತೆ ಹೇಳುತ್ತಿದ್ದೆ. ಇಲ್ಲಿ ಹಾಗೆನಿಸಲಿಲ್ಲ. ಲೀಡ್ಸ್‌ನಲ್ಲಿ ವರ್ಷದ ಅತಿ ಸಣ್ಣ ಹಗಲು ಏಳೂವರೆ ಗಂಟೆ. ತಿರುಗಿದ ದಿನ ತಿರುಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹಗಲು ಅರ್ಧ ಗಂಟೆ ಬೆಳೆದಿರುತ್ತದೆ, ಬಸ್ಸಿಗೆ ಕಾಯುವವರಿಗೆ ಗೊತ್ತಾಗುತ್ತದೆ. ಅಂದು ರಾತ್ರಿ ಆ ಎರಡು ಸಾಲಿನ ಕಾಗದ ಹರಿದು ಹಾಕಿದೆ.

ಶುಕ್ರವಾರ ಮತ್ತೆ ಅದೇ ತರಗತಿ. ಬೋರ್ಡಿನ ಮೇಲೆ ದೊಡ್ಡದಾಗಿ ‘ವ’ ಬರೆದು, ನನ್ನ ಭಾಷೆಯಲ್ಲಿ ಇದೊಂದೇ ಇದೆ, ನಿಮ್ಮ ಎರಡನ್ನು ಇನ್ನೂ ಕಲಿಯುತ್ತಿದ್ದೇನೆ ಎಂದೆ. ಅದರ ಕೆಳಗೆ ‘ಳ’ ಬರೆದು, ಇದು ನಿಮ್ಮಲ್ಲಿಲ್ಲ ಎಂದೆ. ಹಬ್ಬದ ಮಾತನ್ನೂ ಹೇಳಿಕೊಟ್ಟೆ: ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿ. ಬೆಲ್ಲ ಎಲ್ಲರಿಗೂ ಸಲೀಸಾಗಿ ಬಂತು. ಎಳ್ಳು ಯಾರಿಗೂ ಬರಲಿಲ್ಲ. ನಾಲಿಗೆ ಮಡಿಸಿ ಅಂಗುಳಕ್ಕೆ ತಾಗಿಸಬೇಕೆಂದು ಬಾಯಿ ತೆರೆದು ತೋರಿಸಿದೆ. ಆಮೇಲೆ ಪಾಠ ಮಾಡಿದೆ. ಗಲಾಟೆ ಪೂರ್ತಿ ನಿಲ್ಲಲಿಲ್ಲ, ಮೂವರನ್ನು ಜಾಗ ಬದಲಿಸಿ ಕೂರಿಸಬೇಕಾಯಿತು.

ಗಂಟೆ ಹೊಡೆದ ಮೇಲೆ ಹಿಂದಿನ ಸಾಲಿನ ಆ ಹುಡುಗ ಬಾಗಿಲಲ್ಲಿ ನಿಂತು, ನಾಲಿಗೆ ಮಡಿಸಿ, ಕತ್ತು ಮುಂದೆ ಚಾಚಿ, “ಎಲ್‌ಳು” ಎಂದ.

“ಇನ್ನೂ ಸ್ವಲ್ಪ ಹಿಂದಕ್ಕೆ” ಎಂದೆ.